ಒದ್ದೆ ಗೋಡೆಯ ಬೀರು

ಜೂನ್ 9, ಬೆಳಿಗ್ಗೆ

ಮತ್ತೆ ಬ್ಲೀಚಿಂಗ್ ಪೌಡರು, ಮತ್ತೆ ಬ್ರಷ್ಷು. ಉಜ್ಜಿದರೆ ಬೂಷ್ಟು ಹೋಗುತ್ತದೆ. ವಾರದೊಳಗೆ ಗೋಡೆ ಪುನಃ ಕಪ್ಪು. ಅತ್ತೆ ಮಂಚದ ಮೇಲೆ ಕೂತು, ಕೆಮ್ಮಿನ ನಡುವೆಯೇ ಉಸ್ತುವಾರಿ — "ಅಲ್ಲಿ ಬಿಟ್ಟೆ ನೋಡು. ಗೋಡೆ ತಿಕ್ಕೋದೂ ಹೇಳ್ಕೊಡ್ಬೇಕಾ?"

ನಗು ಬಂತು. ಅವರ ಮಗ, ನನ್ನ ಗಂಡ, ತೀರಿಹೋದ ಮೇಲೆ ನಮ್ಮಿಬ್ಬರಿಗೆ ಉಳಿದಿರುವುದು ಈ ಜಗಳ. ಅದೂ ನಿಂತರೆ ಮನೆ ಭಣಭಣ.

ಅಂಗಡಿಗೆ ತಡ. ಕನ್ನಡಕಕ್ಕೆ ಗಾಜು ಕೂರಿಸುವಾಗಲೂ ಕೈಯಲ್ಲಿ ಬ್ಲೀಚಿನ ವಾಸನೆ.

ಜೂನ್ 15

ಮನೆ ಓನರ್ ಬಂದರು. ಮೂಗು ಮುಚ್ಚಿಕೊಂಡೇ, "ಕಿಟಕಿ ತೆಗೆದಿಡಿ, ಸರಿಹೋಗುತ್ತೆ."

ಅತ್ತೆ: "ಮೊದ್ಲು ನೀವು ಮೂಗು ಬಿಡಿ, ಆಮೇಲೆ ನಾವು ಕಿಟಕಿ ತೆಗೀತೀವಿ."

ಗೋಡೆಯೊಳಗೆ ಪೈಪು ಸೋರುತ್ತಿದೆ, ಒಡೆಯಲೇಬೇಕು ಎಂದ ಪ್ಲಂಬರ್. ಓನರ್ ಎಂದದ್ದು — ನೋಡೋಣ.

ಜುಲೈ 2

"ಬೂಷ್ಟು ಹಿಡಿದಿರೋ ರೂಮಲ್ಲಿ ಅಮ್ಮನ್ನ ಮಲಗಿಸ್ಬೇಡಿ" — ಡಾಕ್ಟರು. ಹಾಲ್‌ನಲ್ಲಿ ಹಾಸಿಗೆ ಹಾಸಿದೆ. ಬೆಳಿಗ್ಗೆ ನೋಡಿದರೆ ರೂಮಿನಲ್ಲೇ ಇದ್ದಾರೆ. ಬೀರುವಿನ ಬಾಗಿಲು ತೆರೆದು, ಮಗನ ಶರ್ಟುಗಳ ನಡುವೆ ಮುಖ ಹುದುಗಿಸಿ.

ಸದ್ದಿಲ್ಲದೆ ವಾಪಸು ಬಂದೆ.

ಜುಲೈ 5, ಭಾನುವಾರ

ಬೀರು ಎಳೆದೆ. ಹಿಂದಿನ ಹಲಗೆ ಕೈಗೆ ಪುಡಿಯಾಗಿ ಬಂತು. ಕಾಲರುಗಳಿಗೆಲ್ಲ ಹಸಿರು ಬೂಷ್ಟು. ಒಗೆಯೋಣವೆಂದು ಬಕೆಟ್ಟಿಗೆ ಹಾಕುವಷ್ಟರಲ್ಲಿ ಅತ್ತೆ ಕೈ ಹಿಡಿದರು.

"ಬೇಡ ಕಣೇ. ಒಗೆದ್ರೆ ಅವ್ನು ಹೋಗ್ಬಿಡ್ತಾನೆ."

"ಅತ್ತೆ, ಇದು ಬರೀ ಬೂಷ್ಟಿನ ವಾಸನೆ. ಅವರದ್ದಲ್ಲ."

"ನಂಗೊತ್ತಿಲ್ವಾ?"

ಗೊತ್ತಿದ್ದೂ ದಿನಾ ಮುಖ ಇಡುತ್ತಿದ್ದಾರೆ! ಇದ್ದಂತೆಯೇ ಒಳಗಿಟ್ಟೆ.

ಜುಲೈ 24, ಆಸ್ಪತ್ರೆಯ ಬೆಂಚು

ಅತ್ತೆಗೆ ಮೂರು ದಿನದಿಂದ ಆಕ್ಸಿಜನ್. ಇವತ್ತು ವಾಸಿ. ಮತ್ತೆ ಆ ಮನೆಗೆ ಕಳಿಸಕೂಡದು ಎಂದರು ಡಾಕ್ಟರು.

ನಾದಿನಿ ಬಂದಳು. ಬೈಗುಳಕ್ಕೆ ತಯಾರಾಗಿದ್ದೆ. ಬೈಯಲಿಲ್ಲ. "ಅತ್ತಿಗೆ, ಅಮ್ಮನ್ನ ನಾನು ಕರ್ಕೊಂಡ್ಹೋಗ್ತೀನಿ. ನೀವು ಒಬ್ರೇ ಎಷ್ಟಂತ ಮಾಡ್ತೀರಿ?" ಬೈದಿದ್ದರೇ ಚೆನ್ನಾಗಿತ್ತು.

ಅತ್ತೆ ಮಾಸ್ಕ್ ಸರಿಸಿ ಕರೆದರು. "ಆ ಶರ್ಟೆಲ್ಲ ಎಸೆದ್ಬಿಡೇ. ನಿನ್ನ ಎದೇನೂ ಹಾಳಾಗುತ್ತೆ."

ಜುಲೈ 25

ಎಸೆದೆ. ಒಂದೊಂದನ್ನೇ ಮಡಿಸಿ, ಚೀಲಕ್ಕೆ ತುಂಬಿ. ಎಸೆಯುವುದನ್ನು ಯಾರಾದರೂ ಮಡಿಸುತ್ತಾರೆಯೇ?

ಸೆಪ್ಟೆಂಬರ್ 12, ಸಂಜೆ

ಕೊನೆಗೂ ಗೋಡೆ ಒಡೆದರು. ಹೊಸ ಪೈಪು, ಹೊಸ ಬಣ್ಣ. ಕೈಯಿಟ್ಟು ನೋಡಿದೆ — ಒಣಗಿದೆ. ಕುಣಿದುಕೊಂಡು ನಾದಿನಿಯ ಮನೆಗೆ ಫೋನ್ ಮಾಡಿದೆ.

ಅತ್ತೆಯ ದನಿ ಗಟ್ಟಿಯಾಗಿತ್ತು. ಎಷ್ಟು ಹೊತ್ತು ಮಾತಾಡಿದರೂ ಒಂದು ಕೆಮ್ಮಿಲ್ಲ. ದಿನಾ ಮೊಮ್ಮಗಳನ್ನು ಶಾಲೆಗೆ ಬಿಟ್ಟುಬರುತ್ತಾರಂತೆ, ನಡೆದೇ. ಅವಳಿಗೆ ಜಡೆ ಹಾಕುವುದೂ ಇವರೇ ಅಂತೆ. ಹೇಳುತ್ತಾ ಹೇಳುತ್ತಾ ನಕ್ಕರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು!

ಆಮೇಲೆ ದನಿ ತಗ್ಗಿಸಿ, "ಗೋಡೆ ಒಣಗ್ತೇನೇ? ನಾನು ವಾಪಸ್ ಬರ್ಲಾ?"

ಕೈ ಇನ್ನೂ ಗೋಡೆಯ ಮೇಲೇ ಇತ್ತು. ನಾನು, "ಇಲ್ಲ ಅತ್ತೆ, ಇನ್ನೂ ಒದ್ದೆ," ಎಂದೆ.