ಡೇಂಜರ್ ಎಂದರೆ

ಅಪ್ಪಾ,

ನಾನು ಚೆನ್ನಾಗಿದ್ದೇನೆ, ಹಾಸ್ಟೆಲ್ ಊಟವೂ ಪರವಾಗಿಲ್ಲ.

ಇವತ್ತು ಇಂಗ್ಲಿಷ್ ಕ್ಲಾಸಿನಲ್ಲಿ 'ಡೇಂಜರ್' ಎಂಬ ಪದ ಎಲ್ಲಿಂದ ಬಂತೆಂದು ಮೇಡಂ ಹೇಳಿದರು. ಅಪಾಯ ಎನ್ನುವ ಅರ್ಥ ಅದಕ್ಕೆ ಆಮೇಲೆ ಬಂದದ್ದಂತೆ. ಮೊದಲು ಅದರ ಅರ್ಥ ಒಡೆಯನ ಅಧಿಕಾರ, ಅವನ ಮರ್ಜಿಯಲ್ಲಿ ಬದುಕುವುದು. ಎಲ್ಲರೂ ಬರೆದುಕೊಂಡರು. ನನಗೆ ನೀವು ಕೆಲಸ ಮಾಡುವ ಲಾಂಡ್ರಿ ನೆನಪಾಯಿತು.

ರಜೆಯಲ್ಲಿ ನಿಮಗೆ ಊಟ ತಂದಾಗ ಲಾಂಡ್ರಿಯ ಬಾಯ್ಲರ್ ನೋಡಿದ್ದೆ. ಹಬೆ ಹೆಚ್ಚಾದರೆ ತಾನಾಗಿ ತೆರೆಯಬೇಕಾದ ಸೇಫ್ಟಿ ವಾಲ್ವಿಗೆ ತಂತಿ ಸುತ್ತಿ ಬಿಗಿದಿದ್ದರು. ಕೇಳಿದ್ದಕ್ಕೆ ನೀವು, "ಹಬೆ ದಂಡ ಆಗುತ್ತೆ ಅಂತ ಯಜಮಾನ್ರೇ ಕಟ್ಸಿದ್ದು ಕಣೇ. ನೀನು ಇಂಜಿನಿಯರ್ ಆದ್ಮೇಲೆ ಬಂದು ಬಿಚ್ಚು" ಎಂದು ನಕ್ಕಿರಿ. ನಾನೂ ನಕ್ಕೆ.

ಕೆಲಸ ಬಿಡಿ ಎನ್ನಲು ನನಗೆ ಬಾಯಿಲ್ಲ. ನನ್ನ ಫೀಸ್ ಬರುವುದೇ ಆ ಬಾಯ್ಲರಿನಿಂದ. ತಂತಿ ಬಿಚ್ಚಿದರೆ ಯಜಮಾನರು ನಿಮ್ಮನ್ನು ಮನೆಗೆ ಕಳಿಸುತ್ತಾರೆ. ಹಾಗಾಗಿ ಒಂದೇ ರಿಕ್ವೆಸ್ಟ್. ನಿಮ್ಮ ಸ್ಟೂಲನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂತುಕೊಳ್ಳಿ. ಬಾಗಿಲು ತೆರೆದೇ ಇರಲಿ. ಯಜಮಾನರು ಕೇಳಿದರೆ ಸೆಕೆ ಅನ್ನಿ.

ಅಮ್ಮನಿಗೆ ಮೊದಲ ಸಾಲಷ್ಟೇ ಓದಿ ಹೇಳಿ.

ನಿಮ್ಮ
ಪುಟ್ಟಿ