ನನ್ನ ಬೂಟು, ಹುಲಿಗೆಮ್ಮನ ಕಾಲು

ಹಿರಿಯೂರಿನಾಚೆಯ ಸರಕು ಟರ್ಮಿನಲ್ಲಿನ ಸುರಕ್ಷತಾ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಪ್ಪು ಮಾಡದೆ ಶಿಕ್ಷೆಯಾಯಿತು ಎಂದು ನಿಮಗೆ ಪತ್ರ ಬರೆದವರು ಬಹಳ ಮಂದಿ ಇರಬಹುದು. ನನ್ನ ದೂರು ಸ್ವಲ್ಪ ಬೇರೆ ಥರದ್ದು. ತಪ್ಪು ಮಾಡಿದ ನನಗೆ ತಾವು ಶಾಲು ಹೊದಿಸಿ, 'ವರ್ಷದ ಸುರಕ್ಷಿತ ಚಾಲಕ' ಎಂಬ ಪ್ರಮಾಣಪತ್ರ ಕೊಟ್ಟು, ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡಿದ್ದೀರಿ. ಏನೂ ತಪ್ಪು ಮಾಡದ, ನಿಮ್ಮ ಯಾರ್ಡು ಗುಡಿಸುವ ಹುಲಿಗೆಮ್ಮನ ಪಾಸು ರದ್ದು ಮಾಡಿದ್ದೀರಿ. ಇದನ್ನು ಸರಿಪಡಿಸಿ ಎಂದು ಎರಡು ಸಲ ಅರ್ಜಿ ಕೊಟ್ಟೆ. ಮೊದಲನೆಯದು 'ನಿಗದಿತ ನಮೂನೆಯಲ್ಲಿ ಇಲ್ಲ' ಎಂದು ವಾಪಸ್ ಬಂತು. ನಾನೇ ತಪ್ಪಿತಸ್ಥ ಎಂದು ಹೇಳಿಕೊಳ್ಳುವುದಕ್ಕೆ ನಿಮ್ಮಲ್ಲಿ ನಮೂನೆಯೇ ಇಲ್ಲವಂತೆ. ಎರಡನೆಯದನ್ನು ನಿಮ್ಮ ಕಚೇರಿಯ ನಾಗಭೂಷಣ ಅವರು ಮಡಚಿ ನನ್ನ ಜೇಬಿಗೇ ತುರುಕಿದರು. "ಏನ್ರಿ ಓಬಳೇಶ್, ಬಂದಿರೋ ಪ್ರಶಸ್ತಿ ಯಾರಾದ್ರೂ ವಾಪಸ್ ಕೊಡ್ತಾರೇನ್ರಿ? ಸುಮ್ಕೆ ಮನೆಗೆ ಹೋಗ್ರಿ" ಅಂದರು. ಸುಮ್ಮನೆ ಮನೆಗೆ ಹೋಗುವುದರಲ್ಲಿ ನಾನು ಎಷ್ಟು ನಿಸ್ಸೀಮ ಎಂಬುದು ಈ ಪತ್ರ ಮುಗಿಯುವುದರೊಳಗೆ ತಮಗೇ ತಿಳಿಯುತ್ತದೆ.

ಮೊದಲು ನನ್ನ ಪರಿಚಯ. ಹೊರಕೆರೆದೇವರಪುರದ ಕುರಿಗಾಹಿ ಅಜ್ಜಪ್ಪನ ಮಗ ಓಬಳೇಶ್. ಪಿಯುಸಿಯಲ್ಲಿ ಎರಡು ಸಲ ಫೇಲಾದ ಮೇಲೆ ಸ್ಟಿಯರಿಂಗ್ ಹಿಡಿದವನು. ಇಪ್ಪತ್ತೆರಡು ವರ್ಷದಿಂದ ಹಿರಿಯೂರು, ಹೊಸದುರ್ಗದ ತೆಂಗಿನಕಾಯಿ, ಕೊಬ್ಬರಿ ಹೊರುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಲಾರಿಗೆ ಒಂದು ಗೀರು ಬಿದ್ದಿಲ್ಲ ಎಂದು ಹೆದ್ದಾರಿಯ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ, ಯಾಕೆಂದರೆ ಅಲ್ಲೆಲ್ಲ ನಾನೇ ಹೇಳಿಟ್ಟಿದ್ದೇನೆ. ನನ್ನ ಹೆಂಡತಿ ಯಶೋದಾ ಈ ಕಥೆ ಶುರುವಾದರೆ ಎದ್ದು ಹೋಗಿ ದನಕ್ಕೆ ನೀರು ಇಡುತ್ತಾಳೆ. ಈಗೀಗ ದನವೂ ನಾನು ಬಾಯಿ ತೆರೆದರೆ ಬಕೆಟ್ಟಿನ ಕಡೆ ನೋಡುತ್ತದೆ.

ಇಂಥ ಮಹಾನುಭಾವನಿಗೆ ತಾವು ಈ ವರ್ಷದ ಆರಂಭದಲ್ಲಿ ಹೊಸ ಸುರಕ್ಷತಾ ನಿಯಮಗಳ ಪುಸ್ತಕ ಕೊಟ್ಟಿರಿ. ಹನ್ನೆರಡು ಪುಟ. ತಲೆಗೆ ಹೆಲ್ಮೆಟ್, ಮೈಗೆ ಹೊಳೆಯುವ ಹಸಿರು ಜಾಕೆಟ್, ಕಾಲಿಗೆ ಮುಂದುಗಡೆ ಕಬ್ಬಿಣ ಇರುವ ಬೂಟು. ಯಾರ್ಡಿನೊಳಗೆ ಹಾರನ್ ಹಾಕಕೂಡದು. ಕ್ಲೀನರ್ ಗೇಟಿನ ಹೊರಗೇ ಇರಬೇಕು. ಲಾರಿ ನಿಲ್ಲುವ ಜಾಗದ ಸುತ್ತ ಹಳದಿ ಗೆರೆ, ಆ ಗೆರೆಯೊಳಗೆ ಯಾರೂ ನಡೆದಾಡಕೂಡದು. ಬೂಟಿಲ್ಲದೆ ಸಿಕ್ಕಿಬಿದ್ದ ಚಾಲಕನ ಪಾಸು ಮೂವತ್ತು ದಿನ ಅಮಾನತು. ನಾನು ಇದನ್ನೆಲ್ಲ ಓದಿ ಟೀ ಅಂಗಡಿಯಲ್ಲಿ ಬಹಳ ನಗಾಡಿದೆ. "ಇಷ್ಟೆಲ್ಲ ಹಾಕ್ಕಂಡು ಲಾರಿ ಹತ್ತಬೇಕಾ, ಚಂದ್ರನ ಮ್ಯಾಲೆ ಹೋಗಬೇಕಾ?" ಅಂತ ಕೇಳಿದೆ. ನಾಲ್ಕು ಜನ ನಕ್ಕರು. ಆವತ್ತು ನನಗೆ ಅದೇ ದೊಡ್ಡ ಸಂಪಾದನೆ.

ಆಮೇಲೆ ತರಬೇತಿ ಮಾಡಿಸಿದಿರಿ. ಹದಿನೇಳು ಜನ ಚಾಲಕರನ್ನು ತಗಡಿನ ಶೆಡ್ಡಿನಲ್ಲಿ ಕೂರಿಸಿ, ಯಾವುದೋ ಚಳಿದೇಶದ ಸಿನಿಮಾ ತೋರಿಸಿದಿರಿ. ಅದರಲ್ಲಿ ಕೆಂಪು ಗಡ್ಡದ ಚಾಲಕನೊಬ್ಬ ಕೆಸರು ಮೆತ್ತಿದ ಬೂಟು ಹಾಕಿಕೊಂಡೇ ಕ್ಯಾಬಿನ್ ಹತ್ತಿ ಕೂತ. ನಾವು ಹದಿನೇಳೂ ಜನ ಒಂದೇ ಸಲ "ಅಯ್ಯಯ್ಯೋ" ಅಂದೆವು. ಪಾಠ ಹೇಳಲು ಬಂದಿದ್ದವರು ಸಿನಿಮಾ ನಿಲ್ಲಿಸಿ, ಎಲ್ಲಿ ಅಪಘಾತ ಆಯಿತೆಂದು ಪರದೆಯ ಮೇಲೆ ಹುಡುಕಿದರು. ಮಾನ್ಯರೇ, ಆ ಹೊತ್ತಿಗೆ ತಾವು ಎದ್ದು "ಯಾಕ್ರಪ್ಪ?" ಎಂದು ಒಂದು ಮಾತು ಕೇಳಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾನಾದರೂ ಎದ್ದು ಹೇಳಬಹುದಿತ್ತು. ಆದರೆ ಮಧ್ಯೆ ಬಿಸ್ಕತ್ತು ಕೊಡುತ್ತಿದ್ದರು, ನನ್ನ ಗಮನ ಆ ಕಡೆ ಇತ್ತು.

ಈಗ ಹೇಳುತ್ತೇನೆ. ನಿಮ್ಮ ಪುಸ್ತಕದಲ್ಲಿ ಅದು 'ಚಾಲನಾ ಕೊಠಡಿ'. ನಮಗೆ ಅದು ಮಲಗುವ ಮನೆ, ಉಣ್ಣುವ ಮನೆ, ದೇವರ ಮನೆ. ಸೀಟಿನ ಹಿಂದೆ ಹಾಸಿಗೆ, ಕಾಲಡಿ ಬುತ್ತಿ, ಎದುರಿಗೆ ಊರ ದೇವರ ಪಟ, ಅದಕ್ಕೆ ದಿನಾ ಹೂವು, ಊದುಬತ್ತಿ. ಅಲ್ಲಿಗೆ ಮೆಟ್ಟು ಹಾಕಿಕೊಂಡು ಹತ್ತುವ ಚಾಲಕ ನಮ್ಮ ಕಡೆ ಇಲ್ಲ. ನಮ್ಮಪ್ಪ ಕುರಿ ರೊಪ್ಪದೊಳಕ್ಕೆ ಮೆಟ್ಟು ಹಾಕಿಕೊಂಡು ಹೋದವನಲ್ಲ, ಅನ್ನ ಕೊಡೋ ಜಾಗ ಅನ್ನುತ್ತಿದ್ದ. ನಾನು ಕ್ಲಚ್ಚು, ಬ್ರೇಕು ಒತ್ತುವುದೂ ಬರಿಗಾಲಲ್ಲೇ. ಚಪ್ಪಲಿಗೆಂದು ಬಾಗಿಲ ಕೆಳಗೆ ಒಂದು ತಗಡಿನ ಗೂಡು ಮಾಡಿಸಿದ್ದೆ. ನೀವು ಕೊಟ್ಟ ಬೂಟು ಆ ಗೂಡಿಗೆ ಹಿಡಿಯಲಿಲ್ಲ. ದಾರ ಕಟ್ಟಿ ಕನ್ನಡಿಯ ಕಂಬಿಗೆ ನೇತುಹಾಕಿದೆ, ಕನ್ನಡಿಗೆ ಅಡ್ಡ ಬರುತ್ತದೆಂದು ನಾಗಭೂಷಣ ಅವರು ಬೈದರು, ನ್ಯಾಯವಾಗಿಯೇ ಬೈದರು. ಕೊನೆಗೆ ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಖರ್ಚು ಮಾಡಿ ಒಂದು ಉಪಾಯ ಹುಡುಕಿದೆ. ಮನೆ ಬಾಗಿಲಲ್ಲಿ ಬಿಡುವ ಹಾಗೆ ಬೂಟನ್ನು ನೆಲದ ಮೇಲೆ ಜೋಡಿಸಿಟ್ಟು, ಹತ್ತಿ ಕೂತು, ಆಮೇಲೆ ಬಗ್ಗಿ ಎತ್ತಿಕೊಳ್ಳುವುದು.

ಹತ್ತಿ ಕೂರುವುದು ತಪ್ಪದೆ ನಡೆಯಿತು. ಬಗ್ಗಿ ಎತ್ತಿಕೊಳ್ಳುವುದು ಮರೆತುಹೋಗತೊಡಗಿತು. ಮೊದಲ ಸಲ ಟೋಲ್ ಗೇಟಿನಲ್ಲಿ ಇಳಿಯಲು ಹೋದಾಗ ಬೂಟಿಲ್ಲ. ಎರಡನೆಯ ಸಲ ಚಿತ್ರದುರ್ಗ ದಾಟಿದ ಮೇಲೆ ನೆನಪಾಯಿತು. ಯಶೋದಾ ಬಿಟ್ಟಾಳೆಯೇ? "ಮದುವೆ ಮನೇಲಿ ಮೆಟ್ಟು ಕಳಕಂಡೋರನ್ನ ನೋಡಿವ್ನಿ. ಡ್ಯೂಟೀಲಿ ಕಳಕಂಡೋರನ್ನ ನಿಮ್ಮನ್ನೇ ನೋಡಿದ್ದು" ಅಂದಳು. ಎರಡು ಸಲವೂ ನನ್ನ ಮಾನ ಉಳಿಸಿದವಳು ಹುಲಿಗೆಮ್ಮ. ಎಂಟು ವರ್ಷದಿಂದ ನಿಮ್ಮ ಯಾರ್ಡಿನಲ್ಲಿ ಕಾಯಿ ನಾರು, ಚೆಲ್ಲಿದ ಜೋಳ ಗುಡಿಸುವವಳು, ಅದರಲ್ಲೇ ಮನೆ ನಡೆಸುವವಳು. ಬೂಟು ಎತ್ತಿ ತನ್ನ ಪೊರಕೆಯ ಪಕ್ಕ ಮುಚ್ಚಿಟ್ಟು, ಮುಂದಿನ ಟ್ರಿಪ್ಪಿಗೆ ಬಂದಾಗ ಕೊಡುವಳು. "ಏನಪ್ಪ, ನಿನ್ನ ಬೂಟು ಕಾಯಕ್ಕೆ ನನಗೆ ಬ್ಯಾರೆ ಸಂಬಳ ಕೊಡಿಸು" ಎಂದು ನಗುವಳು. ಆಗ ಆಕೆಯ ಕಾಲಲ್ಲಿ ಇರುತ್ತಿದ್ದುದು ಸವೆದ ಹವಾಯಿ ಚಪ್ಪಲಿ. ಈ ಅಕ್ಕನಿಗೆ ಬೂಟು ಕೊಡಲಿಲ್ಲವಾ ಎಂದು ನಾನೇ ಒಮ್ಮೆ ನಾಗಭೂಷಣ ಅವರನ್ನು ಕೇಳಿದೆ. "ಅವರು ಕಂಟ್ರಾಕ್ಟ್ ಕಡೆಯೋರು, ನಮ್ಮ ಬುಕ್ಕಿನಾಗೆ ಬರಲ್ಲ" ಎಂಬ ಉತ್ತರ ಬಂತು. ಸರಿ ಎಂದು ಇಬ್ಬರೂ ಒಪ್ಪಿಕೊಂಡೆವು.

ಮೂರನೆಯ ಸಲ, ಜೂನ್ ತಿಂಗಳ ಒಂದು ಬೆಳಿಗ್ಗೆ ಹನ್ನೊಂದು ಗಂಟೆ. ಆರನೇ ಪ್ಲಾಟ್‌ಫಾರಮ್ಮಿನಲ್ಲಿ ಕಾಯಿ ಇಳಿಸಿ ಆಯಿತು. ನಾನು ರಸೀದಿಗೆ ಸಹಿ ಹಾಕಿ ಬಂದು, ಬೂಟು ಬಿಚ್ಚಿ ಜೋಡಿಸಿಟ್ಟು ಹತ್ತಿದೆ. ನಮ್ಮ ಲಾರಿಯಲ್ಲಿ ಮೆಟ್ಟಿಲ ಹಿಂದೆಯೇ ಮುಂದಿನ ಗಾಲಿ. ಬೂಟಿದ್ದದ್ದು ಸರಿಯಾಗಿ ಗಾಲಿಯ ಮುಂದೆ. ಹಸಿರು ಬಾವುಟ ಬೀಸಿದರು, ನಾನು ಗೇರು ಹಾಕಿದೆ. ಮೊದಲಾಗಿದ್ದರೆ ಎರಡು ಸಲ ಹಾರನ್ ಹೊಡೆಯುತ್ತಿದ್ದೆ. ಅದನ್ನು ನಿಲ್ಲಿಸಿದವರು ತಾವು. ಆದರೆ ಬಲಗಡೆ ಕನ್ನಡಿ ನೋಡಬೇಡ ಎಂದು ತಾವೇನೂ ಹೇಳಿರಲಿಲ್ಲ. ನಾನು ಎಡಗಡೆಯ ಲಾರಿಯನ್ನೇ ನೋಡುತ್ತಿದ್ದೆ. ಬೂಟು ಗಾಲಿಗೆ ಸಿಕ್ಕುವುದನ್ನು ಕಂಡ ಹುಲಿಗೆಮ್ಮ ಪೊರಕೆ ಬಿಸಾಡಿ, ಹಳದಿ ಗೆರೆ ದಾಟಿ ಓಡಿಬಂದು ಬೂಟು ಎಳೆದುಕೊಂಡಳು. ಬೂಟು ಉಳಿಯಿತು. ಆಕೆಯ ಎಡಗಾಲಿನ ತುದಿ ಗಾಲಿಯ ಅಂಚಿಗೆ ಸಿಕ್ಕಿತು.

ಕೂಗು ಕೇಳಿ ಬ್ರೇಕ್ ಒತ್ತಿ ಕೆಳಗೆ ಹಾರಿದೆ, ಬರಿಗಾಲಲ್ಲಿ. ಲಾರಿ ಹಿಂದಕ್ಕೆ ತೆಗೆದರು, ಯಾರೋ ಆಟೋ ಕರೆಯಲು ಓಡಿದರು. ಆಕೆ ನೆಲದ ಮೇಲೆ ಕೂತಿದ್ದಳು, ತೊಡೆಯ ಮೇಲೆ ನನ್ನ ಬೂಟು. ದೂರದಲ್ಲಿ ನಾಗಭೂಷಣ ಅವರು ಬರುತ್ತಿದ್ದರು. ಅಷ್ಟು ನೋವಿನಲ್ಲೂ ಆಕೆ ಬೂಟು ನನ್ನ ಕಡೆ ನೂಕಿ ಹೇಳಿದಳು: "ಹಾಕ್ಕಳಪ್ಪ ಮೊದ್ಲು. ಬರಿಗಾಲಾಗೆ ಕಂಡ್ರೆ ನಿನ್ನ ಪಾಸು ಕಿತ್ಕಂತಾರೆ."

ನಾನು ಹಾಕಿಕೊಂಡೆ ಮಾನ್ಯರೇ. ಆಕೆಯ ಕಾಲು ಹಿಡಿದುಕೊಳ್ಳಬೇಕಾದ ಕೈಯಲ್ಲಿ ಬೂಟಿನ ದಾರ ಕಟ್ಟಿಕೊಂಡೆ. ಎರಡು ಗಂಟು ಹಾಕಿದೆ, ಬಿಚ್ಚಿಹೋಗಬಾರದೆಂದು.

ಮಿಕ್ಕದ್ದು ನಿಮ್ಮ ಕಡತದಲ್ಲಿದೆ. ವಿಚಾರಣೆಯ ಹಾಳೆಯಲ್ಲಿ ಪ್ರಶ್ನೆಗಳು, ಎದುರಿಗೆ ಚೌಕ. ಚಾಲಕ ಬೂಟು ಧರಿಸಿದ್ದನೇ? ಹೌದು, ಟಿಕ್ಕು. ಹೆಲ್ಮೆಟ್, ಜಾಕೆಟ್? ಟಿಕ್ಕು, ಟಿಕ್ಕು. ಗಾಯಾಳು ಹಳದಿ ಗೆರೆ ದಾಟಿದ್ದರೇ? ಟಿಕ್ಕು. ಗಾಯಾಳು ಬೂಟು ಧರಿಸಿದ್ದರೇ? ಇಲ್ಲ. ಹುಲಿಗೆಮ್ಮ ಗೆರೆ ಯಾಕೆ ದಾಟಿದಳು ಎಂದು ಕೇಳುವ ಚೌಕ ಆ ಹಾಳೆಯಲ್ಲಿ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವಷ್ಟು ಅಧಿಕಪ್ರಸಂಗಿ ನಾನಲ್ಲ. ಇಪ್ಪತ್ತೆರಡು ವರ್ಷ ಟೀ ಅಂಗಡಿಗಳಲ್ಲಿ ಬಾಯಿ ಮುಚ್ಚದವನು ಅಲ್ಲಿ ಮುಚ್ಚಿಕೊಂಡು ಕೂತೆ, ಹೆಬ್ಬೆಟ್ಟಿನಷ್ಟು ಅಗಲ ಸಹಿ ಹಾಕಿ ಬಂದೆ. ಬೂಟು ಕೊಡುವಾಗ ಹುಲಿಗೆಮ್ಮ ನಿಮ್ಮ ಪುಸ್ತಕದಲ್ಲಿ ಬರುವುದಿಲ್ಲ, ಬೂಟಿಲ್ಲವೆಂದು ತಪ್ಪು ಹೊರಿಸುವಾಗ ಬರುತ್ತಾಳೆ. ಇದು ಯಾವ ಪುಟದಲ್ಲಿದೆ? ನಾನು ಹನ್ನೆರಡೂ ಪುಟ ಮತ್ತೆ ಓದಿದೆ, ಸಿಗಲಿಲ್ಲ.

ಇಪ್ಪತ್ತು ದಿನಕ್ಕೆ ಪ್ರಶಸ್ತಿ ಬಂತು. ಅಪಘಾತದ ಹೊತ್ತಿನಲ್ಲೂ ಎಲ್ಲ ನಿಯಮ ಪಾಲಿಸಿದ್ದ ಆದರ್ಶ ಚಾಲಕ ಎಂದು ತಾವು ಮೈಕಿನಲ್ಲಿ ಹೊಗಳಿದಿರಿ. ನಾನು ಕೈಮುಗಿದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಮನೆಗೆ ಒಯ್ದರೆ, ಎಲ್ಲ ಗೊತ್ತಿದ್ದ ಯಶೋದಾ ಅದನ್ನು ನೋಡಿ, ಮೊಳೆ ಹೊಡೆಯಲು ಗೋಡೆಯಲ್ಲಿ ಜಾಗ ಇಲ್ಲ ಅಂದಳು. ನಮ್ಮ ಮನೆಯಲ್ಲಿ ಗೋಡೆಗೇನೂ ಬರವಿಲ್ಲ.

ಎರಡು ಬೆರಳು ತೆಗೆಸಿಕೊಂಡು, ಗಾಯ ಮಾಗಿಸಿಕೊಂಡು, ಆಗಸ್ಟಿನಲ್ಲಿ ಹುಲಿಗೆಮ್ಮ ಕೆಲಸಕ್ಕೆ ಬಂದಳು. ಗೇಟಿನಲ್ಲಿ ತಡೆದರು: ಪಾಸು ರದ್ದು, ನಿಯಮ ಉಲ್ಲಂಘನೆ. ನಾನು ಲಾರಿ ಒಳಗೆ ತರುವ ಹೊತ್ತಿಗೆ ಆಕೆ ಗೇಟಿನ ಕಟ್ಟೆಯ ಮೇಲೆ ಬುತ್ತಿ ಇಟ್ಟುಕೊಂಡು ಕೂತಿದ್ದಳು. ಇಳಿದು ಹೋಗಿ "ಹೆಂಗಿದೀಯಕ್ಕ?" ಎಂದೆ. ನನ್ನ ಕಾಲು ನೋಡಿದಳು. ಬೂಟು ಹಾಕಿದ್ದೆ.

"ಅವತ್ತು ಬೂಟು ಕೊಟ್ಟಾಗ ಹಾಕ್ಕಂಡೆ. ನಾನೇ ಹೇಳಿದ್ದು, ಇಲ್ಲ ಅನ್ನಲ್ಲ" ಅಂದಳು. "ಆಮ್ಯಾಕೆ ಬಾಯಿಗೇನಾಗಿತ್ತು ನಿನಗೆ? ಒಂದು ಮಾತು, ನನ್ನ ಬೂಟಿಗೆ ಬಂದಿದ್ಲು ಅಂತ ಒಂದು ಮಾತು ಹೇಳಾಕೆ ಆಗ್ಲಿಲ್ವಾ?"

ಆಗಲಿಲ್ಲ. ಮೂವತ್ತು ದಿನ ಪಾಸು ಹೋಗುತ್ತದೆಂದು ಹೆದರಿದೆ. ಗೀರು ಬೀಳದ ಹೆಸರಿಗೆ ಹೆದರಿದೆ. ನಾಚಿಕೆಯಾಗುತ್ತದೆ, ನಿಮಗೆ ಬರೆಯುವಾಗಲೂ ಆಗುತ್ತಿದೆ.

ದಯವಿಟ್ಟು ತಪ್ಪು ತಿಳಿಯಬೇಡಿ. ನಿಯಮ ಬೇಡ ಎಂದು ನಾನು ಬರೆಯುತ್ತಿಲ್ಲ. ಆ ಕಬ್ಬಿಣದ ಮೂತಿಯ ಬೂಟು ಆವತ್ತು ಆಕೆಯ ಕಾಲಲ್ಲಿದ್ದಿದ್ದರೆ ಬೆರಳು ಉಳಿಯುತ್ತಿದ್ದವೋ ಏನೋ. ನಿಮ್ಮ ಪುಸ್ತಕ ನೋಡಿ ನಕ್ಕವನು ನಾನು, ಕಾಲು ಕೊಟ್ಟವಳು ಆಕೆ. ಬೂಟಿನ ಸಮಸ್ಯೆಗೆ ಪರಿಹಾರವೂ ಈಗ ಸಿಕ್ಕಿದೆ. ಯಶೋದಾ ಹಳೆಯ ಗೋಣಿಚೀಲ ಕತ್ತರಿಸಿ, ಅರ್ಧ ಗಂಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಳು. ಬಾಗಿಲ ಒಳಮಗ್ಗುಲಿಗೆ ಅದನ್ನು ತಗುಲಿಹಾಕಿ, ಯಾರ್ಡಿನಲ್ಲಿ ಬೂಟು ಹಾಕಿಕೊಂಡೇ ಓಡಿಸುತ್ತೇನೆ, ಗೇಟು ದಾಟಿ ಲಾರಿ ನಿಲ್ಲಿಸಿ ಬಿಚ್ಚಿ ಅದರೊಳಗೆ ಇಡುತ್ತೇನೆ. ಕ್ಯಾಬಿನ್ನಿನಲ್ಲಿ ಬೂಟು ಹಾಕಿದಷ್ಟು ಹೊತ್ತು ದೇವರ ಪಟಕ್ಕೆ ಒಂದು ಟವೆಲ್ ಮುಚ್ಚುತ್ತೇನೆ. ದೇವರು ಇನ್ನೂ ಏನೂ ಅಂದಿಲ್ಲ. ಅರ್ಧ ಗಂಟೆಯ ಈ ಕೆಲಸವನ್ನು ಆರು ತಿಂಗಳ ಮೊದಲೇ ಮಾಡಿಸಿಕೊಳ್ಳುವ ಬುದ್ಧಿ ವರ್ಷದ ಸುರಕ್ಷಿತ ಚಾಲಕನಿಗೆ ಇರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ವರದಿಯನ್ನು ತೆರೆದು, ತಪ್ಪಿನ ಜಾಗದಲ್ಲಿ ಹುಲಿಗೆಮ್ಮನ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ಆಕೆಯ ಪಾಸು ವಾಪಸ್ ಕೊಡಿ. ಕೊಡುವಾಗ ಆಕೆಗೂ, ಆಕೆಯ ಜೊತೆ ಗುಡಿಸುವ ಉಳಿದವರಿಗೂ ಕಾಲಿನ ಅಳತೆ ತೆಗೆದು ಬೂಟು ಕೊಡಿ. ಎಡಗಾಲಿನ ಅಳತೆಯನ್ನು ಈಗ ಬೇರೆಯಾಗಿಯೇ ತೆಗೆಯಬೇಕಾಗುತ್ತದೆ. ನನ್ನ ಪಾಸನ್ನು ನಿಯಮದ ಪ್ರಕಾರ ಮೂವತ್ತು ದಿನ ಅಮಾನತು ಮಾಡಿ, ನಾನೇ ಸೋಮವಾರ ತಂದು ಕೊಡುತ್ತೇನೆ. ಕಟ್ಟು ಹಾಕಿಸಿದ ಪ್ರಮಾಣಪತ್ರವನ್ನೂ ತರುತ್ತೇನೆ. ತೆಗೆದುಕೊಳ್ಳುವ ನಮೂನೆ ನಿಮ್ಮಲ್ಲಿ ಇಲ್ಲದಿದ್ದರೆ, ಹುಲಿಗೆಮ್ಮ ಕೂತಿದ್ದ ಗೇಟಿನ ಕಟ್ಟೆಯ ಮೇಲೆ ಕೂತು, ನೀವು ಅದನ್ನು ಬರೆದು ಮುಗಿಸುವ ತನಕ ಕಾಯುತ್ತೇನೆ. ಪಕ್ಕದಲ್ಲಿ ಆಕೆಯೂ ಇರುತ್ತಾಳೆ, ಬರುತ್ತೇನೆ ಎಂದಿದ್ದಾಳೆ. ನನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ, ಅದಕ್ಕೆಂದು ಬುತ್ತಿ ಮಾತ್ರ ಬೇರೆ ಬೇರೆ.

ಇಂತಿ,
ಹೆಂಗಸೊಬ್ಬಳು ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಾಗ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ,
ತಮ್ಮ ವರ್ಷದ ಸುರಕ್ಷಿತ ಚಾಲಕ,
ಓಬಳೇಶ್
ಹೊರಕೆರೆದೇವರಪುರ, ಹೊಳಲ್ಕೆರೆ ತಾಲ್ಲೂಕು