ಸೀಮೆಸುಣ್ಣದ ಮೂರು ಸುತ್ತು

ಕೀತ್ಲಿ, ಯಾರ್ಕ್‌ಶೈರ್
ಗುರುವಾರ, ಮಾರ್ಚ್ ೧೨

ಪ್ರೀತಿಯ ಲೋರ್ನಾ,

ಹೇಗಿದ್ದೀಯಾ ಮಗಳೇ? ನಾಯಿಗಳನ್ನು ಎತ್ತಿ ಎತ್ತಿ ಹಿಡಿದುಕೊಂಡಿದ್ದ ಬೆನ್ನು ಈಗ ವಾಸಿಯೇ? ಮೊಮ್ಮಗಳು ಹ್ಯಾಟಿಯ ಕೆಮ್ಮು ನಿಂತಿತೇ? ನಿಮ್ಮಮ್ಮ ಗಟ್ಟಿಯಾಗಿದ್ದಾಳೆ. ನನ್ನನ್ನು ಬೈಯುವಾಗಲಂತೂ ಅವಳಿಗೆ ಇಪ್ಪತ್ತು ವರ್ಷ. ಜನವರಿಯಲ್ಲಿ ನನ್ನ ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆದರಲ್ಲ, ಪಟ್ಟಿ ಬಿಚ್ಚಿದ ದಿನ ನಮ್ಮ ಅಡುಗೆಮನೆಯ ಗೋಡೆ ಬಿಳಿ ಎಂದು ಗೊತ್ತಾಯಿತು. ಹಳದಿಗಟ್ಟಿದೆ, ಬಣ್ಣ ಹೊಡೆಸೋಣ ಎಂದು ಎರಡು ವರ್ಷ ಅವಳ ತಲೆ ತಿಂದಿದ್ದೆ. "ಗೋಡೆಗಲ್ಲ ಕಣ್ರೀ, ನಿಮ್ಮ ಕಣ್ಣಿಗೆ ಸುಣ್ಣ ಹೊಡಿಸ್ಬೇಕಿತ್ತು" ಎಂದು ಈಗ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ನಾನೂ ನಗುತ್ತೇನೆ, ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ.

ಸೋಮವಾರದಿಂದ ಎಷ್ಟು ಸಲ ಫೋನು ಮಾಡಿದೆನೋ ಲೆಕ್ಕವಿಲ್ಲ. ನೀನು ಎತ್ತಲಿಲ್ಲ. ವ್ಯಾನು ಓಡಿಸಬೇಡ ಎಂದು ಸಂದೇಶ ಕಳಿಸಿದರೆ, "ಶುರುವಾಯ್ತಾ ನಿನ್ನ ಪುರಾಣ? ಜೂನ್‌ವರೆಗೂ ತಪಾಸಣೆ ಕಾಗದ ಇದೆ ಅಪ್ಪಾ, ಅದರಲ್ಲಿರೋದೂ ನಿಂದೇ ರುಜು" ಎಂದು ಬರೆದೆ. ನಿನ್ನ ಮೇಲೆ ಕೋಪವಿಲ್ಲ. ನಿನ್ನ ಮದುವೆಯಿಂದ ಹಿಡಿದು ನಿನ್ನ ಮನೆಯ ಪರದೆಯವರೆಗೆ ಎಲ್ಲದಕ್ಕೂ ಕೊಕ್ಕೆ ಹಾಕಿದವನು ನಾನೇ. ತೋಳ ಬಂತು ತೋಳ ಎಂದು ವರ್ಷಗಟ್ಟಲೆ ಕೂಗಿದವನು ಈಗ ನಿಜವಾಗಿ ತೋಳ ಕಂಡೆ ಎಂದರೆ ಯಾರು ನಂಬುತ್ತಾರೆ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗ್ಯಾರೇಜಿನಲ್ಲಿ ನನ್ನ ಪಕ್ಕದ ರ‍್ಯಾಂಪಿನಲ್ಲಿದ್ದ ಮಾಲ್ಕಮ್ ಈಗ ಶುಕ್ರವಾರಗಳಂದು ನಿಮ್ಮ ವಿಟ್ಬಿ ಕಡೆಗೆ ಪಾರ್ಸೆಲ್ ಒಯ್ಯುತ್ತಾನೆ. ಇದನ್ನು ನಿನ್ನ ಕೈಯಲ್ಲೇ ಇಡಬೇಕೆಂದು ಅವನಿಗೆ ಹೇಳಿದ್ದೇನೆ.

ಆ ವ್ಯಾನು ಕೊಂಡ ದಿನ ನೀನು ಎಷ್ಟು ಕುಣಿದಿದ್ದೆ! ಹಿಂದೆ ನಾಯಿ ತೊಳೆಯುವ ತೊಟ್ಟಿ, ಅದರ ಮಗ್ಗುಲಲ್ಲಿ ದೊಡ್ಡ ನೀರಿನ ಟ್ಯಾಂಕು, ಮುಂದಿನ ಸೀಟಿನಲ್ಲಿ ಹ್ಯಾಟಿ. ಅದರ ಹಳೆಯ ವಾರ್ಷಿಕ ತಪಾಸಣೆಯ ವರದಿಗಳನ್ನೆಲ್ಲ ಫೋನಿನಲ್ಲಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದಿದ್ದೆ. "ನೋಡಪ್ಪಾ, ಬೇರೆಯವರು ಎರಡು ವರ್ಷ ಸಾಲಾಗಿ ಹಿಂಬದಿಯ ಬ್ರೇಕ್ ಕೊಳವೆಗೆ ತುಕ್ಕು ಅಂತ ಬರ್ದಿದಾರೆ. ನೀನು ನೋಡಿದ ವರ್ಷ ಒಂದು ಮಾತೂ ಇಲ್ಲ! ನಿನ್ನ ಹೆಸರು ನೋಡೇ ಕೊಂಡ್ಕೊಂಡೆ." ನಾನು ಆಗ ಚಹಾ ಕಲಕುತ್ತ ಕುಳಿತೆ. ನಿನಗೆ ಅದು ಹೆಮ್ಮೆಯ ಹಾಗೆ ಕಂಡಿರಬೇಕು.

ಲೋರ್ನಾ, ತುಕ್ಕು ತಾನಾಗಿ ವಾಸಿಯಾಗುವ ಕಾಯಿಲೆಯಲ್ಲ. ಎರಡು ವರ್ಷ ಇದ್ದದ್ದು ಮೂರನೆಯ ವರ್ಷ ಇಲ್ಲವೆಂದರೆ ಯಾರಾದರೂ ಕೊಳವೆ ಬದಲಿಸಿರಬೇಕು, ಇಲ್ಲವೇ ಯಾರಾದರೂ ಮುಚ್ಚಿರಬೇಕು. ಮೂವತ್ತೊಂದು ವರ್ಷ ಇಂಥ ಬಿಳಿ ವ್ಯಾನುಗಳ ಹೊಟ್ಟೆಯ ಕೆಳಗೇ ಕಳೆದವನು ನಾನು. ಕೂಲಿಯವನ ಹಾಗೆ ದುಡಿಯುತ್ತವೆ, ಯಾರೂ ಮುದ್ದು ಮಾಡುವುದಿಲ್ಲ. ಹೊರೆ ಹೊತ್ತು ಹೊತ್ತು ಸ್ಪ್ರಿಂಗ್ ಮುರಿದಿರುತ್ತದೆ. ಟೈರು ಒಳಮಗ್ಗುಲಲ್ಲಿ ಸವೆದು ಹೊರಗಿನಿಂದ ಹೊಸದರಂತೆ ಕಾಣುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಅಡಿಯನ್ನೆಲ್ಲ ತಿಂದಿರುತ್ತದೆ. ಮಾರುವ ಹೊತ್ತಿಗೆ ಮಾತ್ರ ಒಳಗೆ ಸುಗಂಧದ ಬಿಲ್ಲೆ ತೂಗುಹಾಕಿ, ಕೆಳಗೆ ದಪ್ಪನೆಯ ಕಪ್ಪು ಬಣ್ಣ ಬಳಿಯುತ್ತಾರೆ. ಒಳಗೆ ಹುಳುಕು, ಮೇಲೆ ತಳುಕು. ತಪಾಸಣೆ ಮಾಡುವವನು ಏನನ್ನೂ ಬಿಚ್ಚುವಂತಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆಯಬೇಕು, ಅಷ್ಟೇ. ಅವನು ಕೊಡುವ ಕಾಗದ ಆ ದಿನದ ಮಾತು. ಜನ ಅದನ್ನು ವರ್ಷವಿಡೀ ಕಾಯುವ ತಾಯಿತ ಅಂದುಕೊಳ್ಳುತ್ತಾರೆ.

ಭಾನುವಾರ ನೀನು ಅಮ್ಮನಿಗೆ ಕಳಿಸಿದ ಫೋಟೋ ನೋಡಿದೆ. ವ್ಯಾನಿನ ಹಿಂದಿನ ಚಕ್ರದ ಹತ್ತಿರ ಹ್ಯಾಟಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದಾಳೆ, ಕೈಯಲ್ಲಿ ಸೀಮೆಸುಣ್ಣ. "ವ್ಯಾನು ದಿನಾ ಉಚ್ಚೆ ಹೊಯ್ಯತ್ತಂತೆ, ಅದರ ಸುತ್ತ ಗೆರೆ ಹಾಕ್ತಾಳೆ ನಿಮ್ಮ ಮೊಮ್ಮಗಳು" ಎಂದು ಬರೆದಿದ್ದೆ. ನಿಮ್ಮಮ್ಮ ಫೋಟೋವನ್ನು ಪ್ರಿಂಟು ತೆಗೆದು ಫ್ರಿಜ್ಜಿಗೆ ಅಂಟಿಸಿದಳು. ನಾನು ಅದನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದೆ. ಒಂದರ ಹೊರಗೆ ಒಂದು, ಮೂರು ಸುತ್ತು. ಪ್ರತಿಯೊಂದೂ ಹಿಂದಿನದಕ್ಕಿಂತ ದೊಡ್ಡದು. ಒಳಗಿನ ಕಲೆ ನೀರಿನದಲ್ಲ. ನೀರಾಗಿದ್ದರೆ ಮರುದಿನಕ್ಕೆ ಒಣಗಿರುತ್ತಿತ್ತು. ಅದಕ್ಕೆ ಎಣ್ಣೆಯ ಮಿರುಗು ಇದೆ, ತುಕ್ಕು ತಿಂದ ಕೊಳವೆಯಿಂದ ಸೋರಿದ ಬ್ರೇಕಿನ ಎಣ್ಣೆ ಅದು. ಈಚೆಗೆ ಬ್ರೇಕ್ ಒತ್ತಿದರೆ ಪಾದ ಸ್ವಲ್ಪ ಮೆತ್ತಗೆ ಇಳಿಯುತ್ತದೆ ಎಂದೂ ನೀನೇ ಬರೆದಿದ್ದೆ, ನಗುತ್ತಾ, ನಿನ್ನ ಬೂಟು ಹಳೆಯದಾಗಿರಬೇಕೆಂದು.

ಶನಿವಾರ ಪಿಕರಿಂಗ್‌ನ ನಾಯಿ ಪ್ರದರ್ಶನಕ್ಕೆ ಹ್ಯಾಟಿಯನ್ನೂ ಕರೆದುಕೊಂಡು ಹೋಗುತ್ತೀಯಂತೆ. ಸಂಜೆ ಮನೆಗೆ ಬರಬೇಕಾದರೆ ಬ್ಲೂ ಬ್ಯಾಂಕಿನ ಕಡಿದಾದ ಇಳಿಜಾರು ಇಳಿಯಬೇಕು, ಹಿಂದೆ ಕೊಳಕು ನೀರು ತುಂಬಿದ ಟ್ಯಾಂಕಿನ ಭಾರ. ಆ ಇಳಿಜಾರಿನ ಬದಿಯಲ್ಲಿ ಬ್ರೇಕ್ ತಪ್ಪಿದ ಗಾಡಿಗಳಿಗೆಂದೇ ಜಲ್ಲಿ ಸುರಿದ ಹಾದಿ ಯಾಕೆ ಇದೆ, ಯೋಚಿಸು. ಮೂರು ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಭಯವಾಗುತ್ತಿದೆ ಮಗಳೇ. ಪ್ರದರ್ಶನಕ್ಕೆ ಬೇರೆ ಯಾರದಾದರೂ ಗಾಡಿಯಲ್ಲಿ ಹೋಗು. ಅಪ್ಪನಿಗೆ ಅರಳುಮರಳು ಎಂದುಕೊಂಡಾದರೂ ಸರಿ, ಈ ಒಂದು ಸಲ ಕೇಳು.

ಹ್ಯಾಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಅಮ್ಮ ಶುಂಠಿ ಕೇಕು ಕಳಿಸಿದ್ದಾಳೆ, ಮಾಲ್ಕಮ್ ದಾರಿಯಲ್ಲಿ ತಿಂದು ಮುಗಿಸದಿದ್ದರೆ ನಿಮಗೂ ಸಿಕ್ಕೀತು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಅಪ್ಪ

ಮರೆತ ಮಾತು: ಶುಕ್ರವಾರ ಬೆಳಿಗ್ಗೆ. ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದಿದ್ದೇನೆ. ಮಾಲ್ಕಮ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಮರೆತದ್ದು ಎಂದೆನಲ್ಲ, ಅದೂ ಸುಳ್ಳು. ಮೇಲೆ ಬರೆದದ್ದನ್ನು ಓದಿ ನೀನು "ಪುರಾಣ" ಎಂದು ಮಡಚಿಡುತ್ತೀಯ, ಗೊತ್ತು. ಆದ್ದರಿಂದ ಇದನ್ನು ಕೇಳು. ಕಳೆದ ಜೂನ್‌ನಲ್ಲಿ ಈಗ ನಿನ್ನದಾಗಿರುವ ಆ ವ್ಯಾನಿನ ಕೆಳಗೆ ನಿಂತಾಗ ನನಗೆ ಕಣ್ಣು ಕಾಣುತ್ತಿರಲಿಲ್ಲ. ಪೊರೆ ಇರುವುದು ಸೆಪ್ಟೆಂಬರಿನಲ್ಲಿ ಗೊತ್ತಾಯಿತೆಂದು ನಿಮಗೆಲ್ಲ ಹೇಳಿದ್ದು ಸುಳ್ಳು. ಕೆಲಸ ಹೋಗುತ್ತದೆಂದು ಎರಡು ವರ್ಷ ಮುಚ್ಚಿಟ್ಟೆ. ಸುತ್ತಿಗೆಯಿಂದ ತಟ್ಟಿ, ಶಬ್ದ ಕೇಳಿ ಬರೆದೆ. ಬ್ರೇಕ್ ಪರೀಕ್ಷಿಸುವ ರೋಲರಿನ ಮೇಲೆ ಬ್ರೇಕು ಹಿಡಿಯಿತು, ಯಂತ್ರ ಸರಿ ಅಂದಿತು, ನಾನೂ ಸರಿ ಅಂದೆ. ಕೊಳವೆ ಇರುವ ಕಡೆ ನನಗೆ ಕಂಡದ್ದು ಬರೀ ಕತ್ತಲೆ. ನೀನು ನಂಬಿ ಕೊಂಡದ್ದು ಕುರುಡನ ರುಜು. ನಿಮ್ಮಮ್ಮನಿಗೆ ಈಗಷ್ಟೇ ಹೇಳಿದೆ. ಅವಳು ಬೈಯಲಿಲ್ಲ, ಎದ್ದು ಒಳಗೆ ಹೋದಳು. ಇನ್ನು ಗ್ಯಾರೇಜಿಗೆ ಹೋಗಿ ಹೇಳುತ್ತೇನೆ, ಆ ಎರಡು ವರ್ಷದ ಗಾಡಿಗಳನ್ನೆಲ್ಲ ವಾಪಸು ಕರೆಸಲಿ. ಹ್ಯಾಟಿ ನೆಲದ ಮೇಲೆ ಬರೆದದ್ದೇ ಆ ವ್ಯಾನಿನ ನಿಜವಾದ ತಪಾಸಣೆ, ಅದನ್ನು ನಂಬು. ಬೀಗದ ಕೈಯನ್ನು ಈಗಲೇ ಮಾಲ್ಕಮ್ ಕೈಗೆ ಕೊಡು.